ಎರಡು ನದಿ, ಎರಡು ದಿನ: ಕಾಂಚನಬುರಿಯ ಬಗ್ಗೆ ಓದುಗರು ಕೇಳಿದ್ದು

ಹೋದ ತಿಂಗಳ ಅಂಕಣದಲ್ಲಿ ಥಾಯ್ಲೆಂಡಿನ ಕಾಂಚನಬುರಿ ಪ್ರಾಂತ್ಯದ ಎರಾವನ್ ಜಲಪಾತ ಮತ್ತು ಮುವಾಂಗ್ ಸಿಂಗ್ ಎಂಬ ಹಾಳುಬಿದ್ದ ಖಮೇರ್ (ಹಳೆಯ ಕಾಂಬೋಡಿಯಾದ ರಾಜರ ಕಾಲದ) ಗುಡಿಯ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅಲ್ಲಿಯ ರೈಲಿನ ಮಾತೂ, ಜಲಪಾತ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ ಎಂಬ ಒಂದು ಸಾಲೂ ಅದರಲ್ಲಿದ್ದವು. ಅದಕ್ಕೆ ಬಂದ ಪತ್ರಗಳನ್ನು ನೋಡಿ ಸಂತೋಷವಾಯಿತು. ಈ ಸಲದ ಅಂಕಣವನ್ನು ಪೂರ್ತಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು: ನಾನು ಕುಂದಾಪುರದ ಕಡೆಯವಳು, ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವಳು. ಮಗಳು ಬ್ಯಾಂಕಾಕಿನಲ್ಲಿ ಕೆಲಸದಲ್ಲಿದ್ದ ಕಾಲದಲ್ಲಿ ಕಾಂಚನಬುರಿಗೆ ನಾಲ್ಕು ಸಲ ಹೋಗಿ ಬಂದಿದ್ದೇನೆ. ಹಾಗಾಗಿ ನನ್ನ ಉತ್ತರಗಳಲ್ಲಿ ಹೋಟೆಲು, ಅಂಗಡಿಗಳ ವಿಷಯಕ್ಕಿಂತ ಕಲ್ಲು, ನೀರು, ನದಿಗಳ ವಿಷಯವೇ ಹೆಚ್ಚಾಗಿರುತ್ತದೆ.

ನಾವು ಗಂಡ ಹೆಂಡತಿ ಬ್ಯಾಂಕಾಕಿನಲ್ಲಿ ನಾಲ್ಕು ದಿನ ಇರುತ್ತೇವೆ. ಕ್ವಾಯ್ ಸೇತುವೆ, ಮುವಾಂಗ್ ಸಿಂಗ್, ಎರಾವನ್ ಮೂರನ್ನೂ ಒಂದೇ ದಿನದಲ್ಲಿ ತೋರಿಸಿ ರಾತ್ರಿ ಹೋಟೆಲಿಗೆ ಬಿಡುತ್ತೇವೆ ಎಂದು ಏಜೆಂಟರು ಹೇಳುತ್ತಾರೆ. ಒಪ್ಪಿಕೊಳ್ಳಬಹುದೇ?
*ಓದುಗರೊಬ್ಬರು, ದಾವಣಗೆರೆ*

ದಯವಿಟ್ಟು ಒಪ್ಪಿಕೊಳ್ಳಬೇಡಿ. ಮೊದಲ ಸಲ ನಾನೂ ಅಂಥದೇ ಒಂದು ದಿನದ ಪ್ರವಾಸದಲ್ಲಿ ಹೋಗಿದ್ದೆ. ಎಂಟು ನೂರು ವರ್ಷದ ಗುಡಿಯ ಮುಂದೆ ವ್ಯಾನು ನಿಲ್ಲಿಸಿದ ಮಾರ್ಗದರ್ಶಿ ಇಪ್ಪತ್ತು ನಿಮಿಷ ಕೊಟ್ಟ. ಎರಾವನ್ ತಲುಪಿದಾಗ ಗಂಟೆ ಮೂರು. ಮೇಲಿನ ಹಂತಗಳಿಗೆ ಹೋಗುವ ದಾರಿಯನ್ನು ಕಾವಲುಗಾರರು ಮುಚ್ಚುತ್ತಿದ್ದರು. ಆ ದಿನ ಇಡೀ ನಾನು ನೋಡಿದ್ದು ವ್ಯಾನಿನ ಮುಂದಿನ ಸೀಟಿನ ಬೆನ್ನನ್ನು.

ಇದಕ್ಕೆ ಕಾರಣ ನಕ್ಷೆಯಲ್ಲೇ ಇದೆ. ಕಾಂಚನಬುರಿ ಪಟ್ಟಣದಲ್ಲಿ ಎರಡು ನದಿಗಳು ಕೂಡುತ್ತವೆ: ಕ್ವೇ ಯಾಯ್, ಅಂದರೆ ದೊಡ್ಡ ಕ್ವೇ, ಕ್ವೇ ನೋಯ್, ಅಂದರೆ ಚಿಕ್ಕ ಕ್ವೇ. ಸೇತುವೆಯ ಹೆಸರಿನಲ್ಲಿರುವ ‘ಕ್ವಾಯ್’ ಈ ಕ್ವೇಯೇ. ಕೂಡಿದ ಮೇಲೆ ಅವು ಮೇ ಕ್ಲಾಂಗ್ ಎಂಬ ಹೆಸರಿನಲ್ಲಿ ಸಮುದ್ರಕ್ಕೆ ಹೋಗುತ್ತವೆ. ಎರಾವನ್ ಇರುವುದು ದೊಡ್ಡ ನದಿಯ ಕಣಿವೆಯಲ್ಲಿ, ಪಟ್ಟಣದಿಂದ ಸುಮಾರು 65 ಕಿ.ಮೀ. ದೂರ. ಮುವಾಂಗ್ ಸಿಂಗ್ ಇರುವುದು ಚಿಕ್ಕ ನದಿಯ ದಂಡೆಯಲ್ಲಿ. ನಡುವೆ ಬೆಟ್ಟಸಾಲು. ಒಂದು ಕಣಿವೆಗೆ ಒಂದು ದಿನ ಎಂದು ಇಟ್ಟುಕೊಳ್ಳಿ. ನಿಮ್ಮ ನಾಲ್ಕು ದಿನಗಳಲ್ಲಿ ಎರಡನ್ನು ಕಾಂಚನಬುರಿಗೆ ಕೊಟ್ಟು, ರಾತ್ರಿ ಅಲ್ಲೇ ತಂಗಿ.

ಬ್ಯಾಂಕಾಕಿನಿಂದ ಕಾಂಚನಬುರಿ ಸುಮಾರು 130 ಕಿ.ಮೀ. ಬಸ್ಸುಗಳು ಬೇಕಾದಷ್ಟಿವೆ. ಆದರೆ ರೈಲಿನಲ್ಲಿ ಹೋಗಿ ಎಂದೇ ನಾನು ಹೇಳುವುದು. ಅದು ನಗರದ ಮುಖ್ಯ ನಿಲ್ದಾಣದಿಂದ ಹೊರಡುವುದಿಲ್ಲ. ಚಾವ್ ಫ್ರಾಯಾ ನದಿಯ ಪಶ್ಚಿಮ ದಂಡೆಯಲ್ಲಿರುವ ಥೊನ್‌ಬುರಿ ನಿಲ್ದಾಣಕ್ಕೆ ಹೋಗಬೇಕು. ದಿನಕ್ಕೆ ಎರಡೇ ರೈಲು, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಎಲ್ಲ ಡಬ್ಬಿಗಳೂ ಮೂರನೆಯ ದರ್ಜೆ, ಕಿಟಕಿಗಳು ತೆರೆದೇ ಇರುತ್ತವೆ, ತಲೆಯ ಮೇಲೆ ಫ್ಯಾನು. ನಾನು ಹೋದಾಗ ವಿದೇಶಿಯರಿಗೆ ಟಿಕೆಟು 100 ಬಾತ್. ಹೆಂಗಸರು ಬುಟ್ಟಿಯಲ್ಲಿ ಅನ್ನದ ಪೊಟ್ಟಣ, ಕತ್ತರಿಸಿದ ಹಣ್ಣು ಮಾರುತ್ತಾ ಬರುತ್ತಾರೆ. ಅದೇ ರೈಲು ಮುಂದೆ ಸೇತುವೆ ದಾಟಿ ಚಿಕ್ಕ ನದಿಯ ಕಣಿವೆ ಹಿಡಿದು, ನಾಮ್ ಟೋಕ್ ಎಂಬ ಕೊನೆಯ ನಿಲ್ದಾಣಕ್ಕೆ ಹೋಗುತ್ತದೆ. ‘ನಾಮ್’ ಎಂದರೆ ನೀರು, ‘ಟೋಕ್’ ಎಂದರೆ ಬೀಳುವುದು. ಊರ ಹೆಸರೇ ಜಲಪಾತ. ಅಲ್ಲಿಗೆ ಹತ್ತಿರದ ಸಾಯ್ ಯೋಕ್ ನೋಯ್ ಜಲಪಾತ ಮಳೆಗಾಲದಲ್ಲಿ ಚೆಂದ, ಫೆಬ್ರವರಿ ಕಳೆದರೆ ಬಂಡೆಯೇ ಹೆಚ್ಚು, ನೀರು ಕಡಿಮೆ.

ಹಂಪಿಯ ಪಕ್ಕದಲ್ಲೇ ಹುಟ್ಟಿ ಬೆಳೆದವನು ನಾನು. ಮುವಾಂಗ್ ಸಿಂಗ್ ಚಿತ್ರಗಳನ್ನು ನೋಡಿದೆ. ಕೆತ್ತನೆಯಿಲ್ಲದ ಕೆಂಪು ಗೋಡೆಗಳು. ಇದನ್ನು ನೋಡಲು ಅಷ್ಟು ದೂರ ಹೋಗಬೇಕೇ?
*ಓದುಗರೊಬ್ಬರು, ಹೊಸಪೇಟೆ*

ನಿಮ್ಮ ಪ್ರಶ್ನೆಗೆ ಉತ್ತರ ಬರೆಯಲು ಈ ತಿಂಗಳು ನಾನು ಹೆಚ್ಚು ಹೊತ್ತು ತೆಗೆದುಕೊಂಡೆ.

ಎರಡನೆಯ ಸಲ ಹೋದಾಗ ಥಾ ಕಿಲೆನ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿದು ಒಂದೂವರೆ ಕಿಲೋಮೀಟರು ನಡೆದೇ ಹೋದೆ. ಕೋಟೆಗೋಡೆಯ ಬಾಗಿಲು ದಾಟಿದರೆ ದೊಡ್ಡ ದೊಡ್ಡ ಮರಗಳ ನಡುವೆ ಹುಲ್ಲಿನ ಬಯಲು, ಆಚೆ ಗುಡಿ. ಹತ್ತಿರ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟೆ. ಇಟ್ಟ ಕೂಡಲೇ ಗುರುತು ಸಿಕ್ಕಿತು: ಇದು ನಮ್ಮ ಮುರಕಲ್ಲು! ಉತ್ತರ ಕನ್ನಡದವರು ಚಿರೇಕಲ್ಲು ಎನ್ನುವುದು, ಪಠ್ಯಪುಸ್ತಕದಲ್ಲಿ ಜಂಬಿಟ್ಟಿಗೆ ಎಂದು ನಾನು ಮಕ್ಕಳಿಗೆ ಕಲಿಸಿದ್ದು. ಅದೇ ತುಕ್ಕಿನ ಬಣ್ಣ, ಅದೇ ಜೇನುಹುಟ್ಟಿನಂಥ ತೂತುಗಳು, ತೂತಿನೊಳಗೆ ಅದೇ ಹಳದಿ ಮಣ್ಣು. ನಮ್ಮ ಮನೆಯ ಬಾವಿಕಟ್ಟೆ, ಅಂಗಳದ ಪಾಗಾರ, ದನದ ಹಟ್ಟಿ ಎಲ್ಲವೂ ಈ ಕಲ್ಲಿನವೇ. ಒಂದು ತೂತಿನಲ್ಲಿ ಬೆರಳುಗುರಿನಷ್ಟು ಸಣ್ಣ ಜರಿಗಿಡ ಚಿಗುರಿತ್ತು. ಮಳೆಗಾಲದಲ್ಲಿ ನಮ್ಮ ಪಾಗಾರದ ಮೇಲೂ ಅದು ಹಾಗೆಯೇ ಚಿಗುರುತ್ತದೆ.

ಈ ಕಲ್ಲಿನ ಗುಣ ಗೊತ್ತಾದರೆ ಗುಡಿ ಅರ್ಥವಾಗುತ್ತದೆ. ಬಿಸಿಲು ಮಳೆ ಎರಡೂ ಜೋರಾಗಿರುವ ನಾಡಿನಲ್ಲಿ ಮಳೆನೀರು ಮಣ್ಣಿನ ಕರಗುವ ಅಂಶಗಳನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಹಿಂದೆ ಉಳಿಯುತ್ತವೆ. ನೆಲದೊಳಗೆ ತೇವವಿದ್ದಾಗ ಅದು ಕತ್ತಿಗೆ ಸಿಗುವಷ್ಟು ಮೆತ್ತಗೆ. ಕೋರೆಯಿಂದ ತೆಗೆದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ಗೋಡೆ ಕಟ್ಟಲು ಇದಕ್ಕಿಂತ ಒಳ್ಳೆಯ ಕಲ್ಲು ಬೇಡ. ಆದರೆ ಮೈಯೆಲ್ಲ ತೂತಿರುವುದರಿಂದ ಸೂಕ್ಷ್ಮ ಕೆತ್ತನೆ ನಿಲ್ಲುವುದಿಲ್ಲ. ಹಾಗಾಗಿ ಮುವಾಂಗ್ ಸಿಂಗ್ ಕಟ್ಟಿದವರು ಕಲ್ಲಿನ ಮೇಲೆ ಸುಣ್ಣದ ಗಾರೆ ಬಳಿದು, ಆ ಗಾರೆಯಲ್ಲಿ ಅಲಂಕಾರ ಮಾಡಿದರು. ಎಂಟು ನೂರು ವರ್ಷಗಳ ಮಳೆಗೆ ಗಾರೆ ಉದುರಿತು. ಗೋಡೆಯ ಬುಡದ ಪಟ್ಟಿಗಳಲ್ಲಿ, ಮಳೆ ತಾಗದ ಸಂದುಗಳಲ್ಲಿ ಅದರ ಚೂರುಗಳು ಇನ್ನೂ ಇವೆ, ಬಗ್ಗಿ ಹುಡುಕಬೇಕು. ನೀವು ಚಿತ್ರದಲ್ಲಿ ಕಂಡದ್ದು ಉಡುಗೆ ಕಳಚಿದ ಮೈಯನ್ನು.

ಕಾಲವನ್ನು ನಮ್ಮ ನಾಡಿನ ಜೊತೆ ಇಟ್ಟು ನೋಡಿ. ಈ ಗುಡಿ ಖಮೇರ್ ದೊರೆ ಏಳನೆಯ ಜಯವರ್ಮನ ಕಾಲದ್ದು. ಅವನು ಈಗಿನ ಕಾಂಬೋಡಿಯಾದಲ್ಲಿರುವ ರಾಜಧಾನಿ ಅಂಗ್ಕೋರಿನಲ್ಲಿ ಪಟ್ಟಕ್ಕೆ ಬಂದದ್ದು 1181ರಲ್ಲಿ. ಆಗ ನಮ್ಮಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಆಳ್ವಿಕೆ. ತರೀಕೆರೆ ಹತ್ತಿರದ ಅಮೃತಾಪುರದ ಗುಡಿ 1196ರದ್ದು. ಹೊಯ್ಸಳರ ಶಿಲ್ಪಿಗಳಿಗೆ ಸಿಕ್ಕಿದ್ದು ಬಳಪದ ಕಲ್ಲು. ಅದೂ ಕೋರೆಯಲ್ಲಿ ಮೆತ್ತಗೆ, ಆಮೇಲೆ ಗಟ್ಟಿ. ಆದರೆ ಅದರ ಮೈ ನುಣುಪು, ಉಳಿಗೆ ಕೂದಲೆಳೆಯಷ್ಟು ಗೆರೆಯೂ ಒಪ್ಪುತ್ತದೆ. ಒಂದೇ ಕಾಲದ ಎರಡು ನಾಡುಗಳು ತಮ್ಮ ಕಾಲಡಿಯ ಕಲ್ಲು ಹೇಳಿದಂತೆ ಕೇಳಿದವು. ಅಮೃತಾಪುರ ನೋಡಿದ ಕಣ್ಣಿನಲ್ಲಿ ಮುವಾಂಗ್ ಸಿಂಗ್ ನೋಡಿದರೆ ಅದು ಬಡವಾಗಿ ಕಾಣುವುದಿಲ್ಲ.

ಜಯವರ್ಮ ಮಹಾಯಾನ ಬೌದ್ಧ. ಅಂಗ್ಕೋರಿನ ಪ್ರಿಯಾ ಖಾನ್ ದೇಗುಲದ 1191ರ ಸಂಸ್ಕೃತ ಶಾಸನದಲ್ಲಿ, ಅವನು ಜಯಬುದ್ಧಮಹಾನಾಥ ಎಂಬ ಮೂರ್ತಿಗಳನ್ನು ಕಳುಹಿಸಿದ 23 ಊರುಗಳ ಪಟ್ಟಿಯಿದೆ. ಅದರಲ್ಲಿ ಬರುವ ಶ್ರೀಜಯಸಿಂಹಪುರಿ ಈ ಊರೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ‘ಸಿಂಗ್’ ಎಂದರೆ ಸಿಂಹ. ‘ಮುವಾಂಗ್’ ಎಂದರೆ ಊರು. ಗುಡಿಗೆ ಅವರು ಹೇಳುವ ‘ಪ್ರಾಸಾತ್’ ನಮ್ಮ ಪ್ರಾಸಾದ, ಕಾಂಚನಬುರಿ ಎಂಬುದು ಕಾಂಚನಪುರಿ. ಅಲ್ಲಿಯ ಫಲಕಗಳನ್ನು ಮಗಳು ಓದಿ ಹೇಳುತ್ತಿದ್ದರೆ ನನಗೆ ಅರ್ಧ ಶಬ್ದಗಳು ಮನೆಯವೇ ಅನ್ನಿಸುತ್ತಿದ್ದವು.

ಥಾಯ್ಲೆಂಡಿನ ಲಲಿತಕಲಾ ಇಲಾಖೆಯವರು 1974ರಿಂದ ಅಗೆದು, ಬಿದ್ದ ಗೋಡೆಗಳನ್ನು ಎತ್ತಿ ನಿಲ್ಲಿಸಿ, 1987ರಲ್ಲಿ ಇದನ್ನು ಐತಿಹಾಸಿಕ ಉದ್ಯಾನವಾಗಿ ತೆರೆದರು. ಅಗೆತದಲ್ಲಿ ಸಿಕ್ಕ, ಅವಲೋಕಿತೇಶ್ವರ ಎಂಬ ಬೋಧಿಸತ್ವನ ಎಂಟು ಕೈಗಳ ಮೂರ್ತಿ ಈಗ ಬ್ಯಾಂಕಾಕಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ, ಗುಡಿಯಲ್ಲಿರುವುದು ಪ್ರತಿಕೃತಿ. ದೂರದಿಂದ ನೋಡಿದರೆ ಎದೆಯ ಮೇಲೆ ಕವಚ ತೊಟ್ಟಂತೆ ಕಾಣುತ್ತದೆ. ಹತ್ತಿರ ಹೋದರೆ ಅದು ಕವಚವಲ್ಲ, ಸಾಲುಸಾಲಾಗಿ ಕುಳಿತ ಪುಟ್ಟ ಬುದ್ಧರು. ಕೂದಲಿನಲ್ಲೂ ಅವರೇ. ಇಷ್ಟು ಸೂಕ್ಷ್ಮ ಕೆಲಸಕ್ಕೆ ಮರಳುಗಲ್ಲನ್ನು ತಂದಿದ್ದಾರೆ ಎಂಬುದನ್ನು ಗಮನಿಸಿ. ಮುರಕಲ್ಲಿನಲ್ಲಿ ಏನಾಗುವುದಿಲ್ಲ ಎಂದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಗೋಡೆಯಿಂದ ಹೊರಗೆ ನದಿಯ ಕಡೆ ನಡೆದರೆ ಗುಡಿಗಿಂತ ಬಹಳ ಹಿಂದಿನ ಸಮಾಧಿ ಸ್ಥಳವೊಂದಿದೆ. ಅಸ್ಥಿಪಂಜರಗಳನ್ನು ಸಿಕ್ಕ ಜಾಗದಲ್ಲೇ ಮಾಡು ಹಾಕಿ ಉಳಿಸಿದ್ದಾರೆ, ಪಕ್ಕದಲ್ಲಿ ಅವರ ಮಡಕೆಗಳು. ವ್ಯಾನಿನಲ್ಲಿ ಬಂದವರು ಅಲ್ಲಿಗೆ ಬರುವುದಿಲ್ಲ. ನೀವು ಹೋಗಿ.

ಅತ್ತೆಗೆ ಅರವತ್ತೆರಡು, ಮಂಡಿನೋವು ಇದೆ. ಎರಾವನ್ ಏಳು ಹಂತ ಎಂದು ಓದಿದೆ. ಅವರನ್ನು ಕರೆದುಕೊಂಡು ಹೋಗಬಹುದೇ? ಮೀನುಗಳು ಕಚ್ಚುತ್ತವಂತೆ, ನಿಜವೇ?
*ಓದುಗರೊಬ್ಬರು, ಶಿರಸಿ*

ಖಂಡಿತ ಕರೆದುಕೊಂಡು ಹೋಗಿ. ಏಳು ಹಂತ ಎಂದ ಕೂಡಲೇ ಏಳನ್ನೂ ಹತ್ತಲೇಬೇಕು ಎಂದು ಎಲ್ಲರೂ ತಿಳಿಯುತ್ತಾರೆ. ಏದುಸಿರು ಬಿಡುತ್ತಾ ಏಳನೆಯದಕ್ಕೆ ಹೋಗಿ, ಫೋಟೊ ತೆಗೆದು ಇಳಿಯುವವರನ್ನು ನೋಡಿ ನನಗೆ ಬೇಸರವಾಗಿದೆ. ಮೊದಲ ಎರಡು ಹಂತಗಳ ದಾರಿ ಹೆಚ್ಚುಕಡಿಮೆ ಸಮತಟ್ಟು. ಪ್ರವೇಶದ್ವಾರದಿಂದ ಸ್ವಲ್ಪ ದೂರ ಬ್ಯಾಟರಿ ಗಾಡಿಯೂ ಸಿಗುತ್ತದೆ. ಎರಡನೆಯ ಹಂತದಲ್ಲಿ ವಿಶಾಲವಾದ ಮಡುವಿದೆ, ಅದರ ಅಂಚಿನ ಬಂಡೆಯ ಮೇಲೆ ಅತ್ತೆಯವರು ಕಾಲು ಇಳಿಬಿಟ್ಟು ಕುಳಿತರೆ ಅರ್ಧ ದಿನ ಕಳೆದದ್ದು ತಿಳಿಯುವುದಿಲ್ಲ. ಮೂರನೆಯದಕ್ಕೂ ನಿಧಾನವಾಗಿ ಹೋಗಬಹುದು. ನಾಲ್ಕರಿಂದ ಮೇಲೆ ಮೆಟ್ಟಿಲು, ಬೇರು, ಜಾರುವ ಕಲ್ಲು. ಐದು ದಾಟಿದ ಮೇಲೆ ಮಂಡಿನೋವಿನವರು ಹೋಗುವುದು ಬೇಡ. ನೀವು ಬೇಕಾದರೆ ಬೆಳಿಗ್ಗೆಯೇ ಮೊದಲು ಮೇಲಕ್ಕೆ ಹೋಗಿ ಬನ್ನಿ. ಏಳನೆಯ ಹಂತದ ಬಂಡೆ ಮೂರು ತಲೆಯ ಆನೆಯಂತೆ ಕಾಣುತ್ತದೆ ಎಂಬುದರಿಂದಲೇ ಎರಾವನ್ ಎಂಬ ಹೆಸರು ಬಂದದ್ದು. ಅದು ನಮ್ಮ ಐರಾವತ.

ಮೀನುಗಳು ಕಚ್ಚುವುದಿಲ್ಲ, ತುಟಿಯಿಂದ ಚೀಪುತ್ತವೆ. ಅವು ಮಹಸೀರ್ ಬಳಗದವು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ, ಶಿಶಿಲದಲ್ಲಿ ಕಪಿಲೆಯ ದಂಡೆಯಲ್ಲಿ ನೀವು ಕಂಡ ದೇವರ ಮೀನುಗಳ ನೆಂಟರು. ನೀರಿಗೆ ಕಾಲಿಟ್ಟು ಅಲುಗಾಡದೆ ಕುಳಿತರೆ ಸಣ್ಣವು ಹಿಮ್ಮಡಿಗೆ ಬರುತ್ತವೆ, ಆಮೇಲೆ ಅಂಗೈಯುದ್ದದವು. ಕಚಗುಳಿ ತಡೆಯಲಾಗದಿದ್ದರೆ ಕಾಲು ಆಡಿಸಿ, ಹೋಗಿಬಿಡುತ್ತವೆ. ಮೀನಿಗೆ ತಿಂಡಿ ಹಾಕುವುದು ನಿಷಿದ್ಧ.

ಇನ್ನು ಕೆಲವು ನಿಯಮಗಳು. ಎರಡನೆಯ ಹಂತದಿಂದ ಮೇಲೆ ತಿಂಡಿ ಒಯ್ಯುವಂತಿಲ್ಲ. ನೀರಿನ ಬಾಟಲಿಗೆ 20 ಬಾತ್ ಠೇವಣಿ ಇಟ್ಟುಕೊಂಡು, ಖಾಲಿ ಬಾಟಲಿ ತೋರಿಸಿದರೆ ಹಿಂದಿರುಗಿಸುತ್ತಾರೆ. ಈ ಪದ್ಧತಿ ನಮ್ಮ ಜೋಗಕ್ಕೆ, ಉಂಚಳ್ಳಿಗೆ ಬರಬೇಕೆಂದು ನಾನು ಎಲ್ಲ ಕಡೆ ಹೇಳುತ್ತಲೇ ಇದ್ದೇನೆ. ಈಜುವವರು ಜೀವರಕ್ಷಕ ಜಾಕೆಟ್ ಬಾಡಿಗೆಗೆ ಪಡೆದು ತೊಡಬೇಕು. ಮಂಗಗಳು ಪ್ಲಾಸ್ಟಿಕ್ ಚೀಲ ಕಂಡರೆ ಬಿಡುವುದಿಲ್ಲ. ಪಟ್ಟಣದ ಬಸ್ ನಿಲ್ದಾಣದಿಂದ ನೇರ ಬಸ್ಸಿದೆ. ಇಳಿಯುವಾಗಲೇ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಚಾಲಕರನ್ನು ಕೇಳಿಕೊಳ್ಳಿ, ಸಂಜೆ ಬೇಗನೆ ಮುಗಿಯುತ್ತದೆ. ನಾನು ಹೋದಾಗ ದೊಡ್ಡವರಿಗೆ ಪ್ರವೇಶಶುಲ್ಕ 300 ಬಾತ್. ಶನಿವಾರ, ಭಾನುವಾರ ಬೇಡ.

ಜನ ಕಡಿಮೆ ಇರುವ ಜಾಗ ಬೇಕಾದರೆ, ಕಾರು ಮಾಡಿಕೊಂಡು ಇನ್ನೂ ಮೇಲಿರುವ ಹುವಾಯ್ ಮೇ ಖಮಿನ್‌ಗೆ ಹೋಗಿ. ಅದಕ್ಕೂ ಏಳು ಹಂತ. ಖಮಿನ್ ಎಂದರೆ ಅರಿಸಿನ. ಅರಿಸಿನದ ಹಳ್ಳ ಎಂಬ ಹೆಸರೇ ನನಗೆ ಸಾಕಿತ್ತು.

ನಾವು ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಉಪವಾಸವೇ ಗತಿಯೇ?
*ಓದುಗರೊಬ್ಬರು, ಮೈಸೂರು*

ಉಪವಾಸ ಬೇಡ. ‘ಜೇ’ ಎಂಬ ಒಂದು ಶಬ್ದ ಕಲಿತುಕೊಳ್ಳಿ. ಚೀನೀ ಬೌದ್ಧರ ವ್ರತದ ಅಡುಗೆ ಅದು. ಮಾಂಸ, ಮೀನು, ಮೊಟ್ಟೆಯ ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯೂ ವರ್ಜ್ಯ. ಅಂಥ ಅಂಗಡಿಗಳ ಮುಂದೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುತ್ತದೆ. ಬರೀ ತರಕಾರಿ ಎಂದು ಕೇಳಿದರೆ ಮೀನಿನ ರಸ ಹಾಕಿಯೇ ಕೊಡುತ್ತಾರೆ, ಅವರ ಲೆಕ್ಕದಲ್ಲಿ ಅದು ಉಪ್ಪಿದ್ದಂತೆ. ಜಲಪಾತಕ್ಕೆ ಹೊರಡುವ ದಿನ ಪಟ್ಟಣದ ಮಾರುಕಟ್ಟೆಯಿಂದ ಬಾಳೆಹಣ್ಣು, ಮತ್ತು ಬಿದಿರಿನ ಕೊಳವೆಯಲ್ಲಿ ತೆಂಗಿನ ಹಾಲು ಹಾಕಿ ಸುಟ್ಟ ಅಂಟಕ್ಕಿಯ ಅನ್ನವನ್ನು ತೆಗೆದುಕೊಂಡು ಹೋಗಿ. ಸಿಹಿಯಾಗಿರುತ್ತದೆ, ಸಂಜೆಯವರೆಗೂ ಕೆಡುವುದಿಲ್ಲ.

ನನ್ನ ಅಜ್ಜನ ತಮ್ಮ ಮಲಯಾದ ರಬ್ಬರ್ ತೋಟಕ್ಕೆ ಹೋದವರು ಯುದ್ಧದ ನಂತರ ಮರಳಲಿಲ್ಲ. ರೈಲು ಕೆಲಸಕ್ಕೆ ಎಳೆದೊಯ್ದರೆಂದು ಮನೆಯಲ್ಲಿ ಹೇಳುತ್ತಿದ್ದರು. ನೀವು ಬರೆದ ರೈಲು ಅದೇ ಏನು?
*ಓದುಗರೊಬ್ಬರು, ಕೋಲಾರ ಚಿನ್ನದ ಗಣಿ ಪ್ರದೇಶ*

ಹೌದು, ಅದೇ ಹಳಿ. ಮುವಾಂಗ್ ಸಿಂಗ್‌ಗೆ ಹೋಗುವವರು ಕೂರುವುದು ಆ ಮಾರ್ಗದ ಉಳಿದ ತುಂಡಿನ ಮೇಲೆ. ಥಾಯ್ಲೆಂಡಿನಿಂದ ಬರ್ಮಾಕ್ಕೆ 415 ಕಿ.ಮೀ. ಹಳಿಯನ್ನು ಜಪಾನೀ ಸೇನೆ 1942ರಿಂದ 1943ರ ಅಕ್ಟೋಬರಿನೊಳಗೆ ಹಾಕಿಸಿತು. ಅರುವತ್ತು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು, ಅವರ ಮೂರು ನಾಲ್ಕು ಪಟ್ಟು ಏಷ್ಯಾದ ಕೂಲಿಯಾಳುಗಳು. ಮಲಯಾದ ತೋಟಗಳಿಂದ ತಂದವರಲ್ಲಿ ತಮಿಳರು ಬಹಳ. ಕೈದಿಗಳಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಕೂಲಿಯಾಳುಗಳಲ್ಲಿ ಸತ್ತವರು ತೊಂಬತ್ತು ಸಾವಿರದಷ್ಟು ಎಂದು ಅಂದಾಜು. ಕಾಲರಾ, ಹಸಿವು, ಮಳೆಗಾಲದ ಕಾಡು.

ಪಟ್ಟಣದ ಯುದ್ಧಸ್ಮಶಾನದಲ್ಲಿ ಸುಮಾರು 7,000 ಸೈನಿಕರ ಸಮಾಧಿಗಳಿವೆ, ಪ್ರತಿಯೊಂದಕ್ಕೂ ಹೂಗಿಡ, ಬಹುತೇಕ ಎಲ್ಲದಕ್ಕೂ ಹೆಸರು. ಸೈನಿಕರ ಲೆಕ್ಕವನ್ನು ಸೇನೆ ಇಟ್ಟಿತ್ತು. ಕೂಲಿಯಾಳುಗಳ ಹೆಸರನ್ನು ಹಾಗೆ ಬರೆದಿಟ್ಟವರಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಇದನ್ನು ಬರೆಯಲು ನನಗೆ ಕಷ್ಟವಾಯಿತು. ಆದರೆ ನೀವು ಹೋಗುವುದಾದರೆ ಅದೇ ಪಟ್ಟಣದ ವಾಟ್ ಥಾವೊರ್ನ್ ವರಾರಾಮ್ ಎಂಬ ಬೌದ್ಧ ವಿಹಾರಕ್ಕೆ ಹೋಗಿ. ಅಲ್ಲಿ 2023ರಲ್ಲಿ, ಮಡಿದ ತಮಿಳು ಕಾರ್ಮಿಕರಿಗಾಗಿ ನಡುಕಲ್ಲು ನಿಲ್ಲಿಸಿದ್ದಾರೆ. ನಡುಕಲ್ಲು ಎಂದರೆ ನಮ್ಮ ವೀರಗಲ್ಲು. ನಿಮ್ಮ ಅಜ್ಜನ ತಮ್ಮನಿಗೆ ಒಂದು ಹೂವು ಇಡಲು ಅಲ್ಲಿ ಜಾಗವಿದೆ.

ನಾನು ಒಂಬತ್ತನೆಯ ತರಗತಿ. ಜಲಪಾತ ಬಂಡೆಯನ್ನು ಸವೆಸುತ್ತದೆ ಎಂದು ನಮ್ಮ ಪುಸ್ತಕದಲ್ಲಿದೆ. ನೀವು ಬೆಳೆಯುತ್ತದೆ ಎಂದು ಬರೆದಿದ್ದೀರಿ. ಯಾವುದು ಸರಿ, ಟೀಚರ್?
*ವಿದ್ಯಾರ್ಥಿನಿ, ಬೈಂದೂರು*

ಎರಡೂ ಸರಿ ಮಗು. ನಿನ್ನ ಪುಸ್ತಕ ಹೇಳುವುದು ಜೋಗದಂಥ ಜಲಪಾತದ ಮಾತು. ಎರಾವನ್ ಹರಿಯುವುದು ಸುಣ್ಣಕಲ್ಲಿನ ಬೆಟ್ಟದಲ್ಲಿ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿ ಸ್ವಲ್ಪ ಹುಳಿಯಾಗುತ್ತದೆ, ಸುಣ್ಣಕಲ್ಲನ್ನು ಕರಗಿಸಿಕೊಳ್ಳುತ್ತದೆ. ಹೊರಗೆ ಬಂದು ಬಂಡೆಯಿಂದ ಬಂಡೆಗೆ ಧುಮುಕುವಾಗ ಆ ಅನಿಲ ಗಾಳಿಗೆ ಹೋಗಿಬಿಡುತ್ತದೆ, ಕರಗಿದ್ದ ಸುಣ್ಣ ನೀರಿನಲ್ಲಿ ನಿಲ್ಲಲಾರದೆ ಹೊರಬೀಳುತ್ತದೆ. ಹೆಚ್ಚು ಧುಮುಕುವ ಕಡೆಯೇ ಹೆಚ್ಚು ಕಟ್ಟುತ್ತದೆ. ಹಾಗಾಗಿ ಮಡುವಿನ ಅಂಚು ತಟ್ಟೆಯ ಬಾಯಿಯಂತೆ ಮೇಲೆದ್ದು ದುಂಡಗಾಗುತ್ತದೆ. ಐದನೆಯ ಹಂತದ ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಎಲೆಯನ್ನು ನಾನು ಬಗ್ಗಿ ನೋಡಿದೆ. ಒಂದು ಬದಿ ಇನ್ನೂ ಕಂದು ಎಲೆ, ಇನ್ನೊಂದು ಬದಿ ಕಲ್ಲು. ನರಗಳ ಗೆರೆ ಕಲ್ಲಿನ ಮೇಲೂ ಹಾಗೆಯೇ ಮೂಡಿತ್ತು. ಅದನ್ನು ಅಲ್ಲೇ ಬಿಟ್ಟು ಬಂದೆ.

ಅಂಚಿನ ಮೇಲೆ ನಡೆಯಬಾರದು ಎಂದು ಅಲ್ಲಿ ಹೇಳುವುದು ಜಾರುತ್ತದೆ ಎಂಬ ಒಂದೇ ಕಾರಣಕ್ಕಲ್ಲ. ವರ್ಷಗಟ್ಟಲೆ ಕಟ್ಟಿದ ಅಂಚು ಒಂದು ತುಳಿತಕ್ಕೆ ಮುರಿಯುತ್ತದೆ.

ಇದನ್ನು ನೋಡಲು ನೀನು ಥಾಯ್ಲೆಂಡಿಗೆ ಹೋಗಬೇಕಾಗಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಕಾಯಿಸುವ ಯಾರದಾದರೂ ಮನೆಯ ಬಚ್ಚಲ ಹಂಡೆಯ ಒಳಗೆ ಕೈಯಾಡಿಸು. ಒರಟಾದ ಬಿಳಿ ಪದರ ಸಿಗುತ್ತದೆ. ಒಂದು ಚಕ್ಕೆ ಕೆರೆದು ತೆಗೆದು, ಅದರ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ, ಕಿವಿಯ ಹತ್ತಿರ ಹಿಡಿ. ಸಣ್ಣಗೆ ಸುಯ್ಯೆನ್ನುತ್ತದೆ, ಗುಳ್ಳೆ ಏಳುತ್ತದೆ. ಮಣ್ಣಿನೊಳಗೆ ಮಳೆನೀರು ಮಾಡುವ ಕೆಲಸವನ್ನೇ ಆಗ ನಿನ್ನ ನಿಂಬೆರಸ ಮಾಡುತ್ತಿರುತ್ತದೆ. ಏನು ಕೇಳಿಸಿತೆಂದು ನನಗೆ ಬರೆ.